ಯುರೋಪಿನ ನಕ್ಷೆಯನ್ನು ನಮ್ಮ ಕೈಗೆ ಕೊಡಿ

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದುವ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಯಾವ ಕೊರತೆಯೂ ಇಲ್ಲ. ಟ್ಯೂಷನ್, ಗೈಡು, ಮಾದರಿ ಪ್ರಶ್ನೆಪತ್ರಿಕೆ ಎಲ್ಲವೂ ಕೇಳುವ ಮೊದಲೇ ಮೇಜಿನ ಮೇಲೆ ಬಂದು ಕುಳಿತಿರುತ್ತವೆ. ದೇಶ ಸುತ್ತುವ ವಿಷಯಕ್ಕೆ ಬಂದಾಗ ಮಾತ್ರ ಎಲ್ಲವನ್ನೂ ಟ್ರಾವೆಲ್ ಏಜೆಂಟರಿಗೆ ಒಪ್ಪಿಸಿ, ಅವರು ಹತ್ತಿಸಿದ ಬಸ್ಸಿನಲ್ಲಿ ಕುಳಿತು, ಅವರು ನಿಲ್ಲಿಸಿದ ಕಡೆ ಫೋಟೋ ತೆಗೆಸಿಕೊಂಡು ಬರುತ್ತೇವೆ. ಇದು ಬದಲಾಗಬೇಕು ಎಂಬುದು ಹನ್ನೆರಡನೆಯ ತರಗತಿಯ ನಮ್ಮ ಅಭಿಪ್ರಾಯ. ಬೋರ್ಡ್ ಪರೀಕ್ಷೆ, ಪ್ರವೇಶ ಪರೀಕ್ಷೆಗಳೆಲ್ಲ ಮುಗಿದು ಕಾಲೇಜು ಶುರುವಾಗುವ ತನಕ ಸಿಗುವ ಬಿಡುವಿನಲ್ಲಿ, ಬೆನ್ನಿಗೊಂದು ಚೀಲ ಹಾಕಿಕೊಂಡು ಯುರೋಪಿನ ನಾಲ್ಕೈದು ದೇಶಗಳನ್ನು ನಿಧಾನವಾಗಿ ಸುತ್ತುವ ಆಸೆ ನಮ್ಮಲ್ಲಿ ಹಲವರಿಗಿದೆ. ಆ ಪ್ರವಾಸದ ಯೋಜನೆಯನ್ನು ಮೊದಲಿನಿಂದ ಕೊನೆಯವರೆಗೆ ನಾವೇ ಹಾಕಬೇಕು. ಹೆತ್ತವರು ಜೊತೆಗೆ ಬಂದರೂ ಸರಿ, ಯೋಜನೆ ಮಾತ್ರ ಮಕ್ಕಳದ್ದಾಗಿರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಸ್ಕತ್‌ನಲ್ಲಿ ಬೆಳೆದ ನಮ್ಮ ದಿನಚರಿಯನ್ನು ಒಮ್ಮೆ ನೋಡಿ. ಬೆಳಿಗ್ಗೆ ಮನೆ ಬಾಗಿಲಿಗೆ ಶಾಲೆಯ ಬಸ್ಸು, ಸಂಜೆ ಅಪ್ಪನ ಕಾರು. ಪ್ರಯಾಣಿಕರ ರೈಲು ಇನ್ನೂ ಓಡದ ದೇಶ ಇದು. ರಜೆಯಲ್ಲಿ ಊರಿಗೆ ಹೋದರೆ ಮಂಗಳೂರು ಅಥವಾ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಚಿಕ್ಕಪ್ಪನೋ ಸೋದರಮಾವನೋ ಕಾರು ತಂದು ಕಾದಿರುತ್ತಾರೆ. ಹದಿನೇಳು ವರ್ಷ ತುಂಬಿದರೂ ನಮ್ಮಲ್ಲಿ ಬಹುಪಾಲು ಜನ ಸ್ವಂತವಾಗಿ ಒಂದು ರೈಲು ಟಿಕೆಟ್ ಕೊಂಡಿಲ್ಲ, ಗೊತ್ತಿಲ್ಲದ ಊರಿನಲ್ಲಿ ದಾರಿ ಕೇಳಿಲ್ಲ, ತಿಂಗಳ ಖರ್ಚಿನ ಲೆಕ್ಕ ಬರೆದಿಲ್ಲ. ಇನ್ನು ಕೆಲವೇ ತಿಂಗಳಲ್ಲಿ ಇದೇ ನಾವು ಬೆಂಗಳೂರು, ಮಣಿಪಾಲ, ಮೈಸೂರಿನ ಹಾಸ್ಟೆಲುಗಳಲ್ಲಿ ಒಬ್ಬೊಬ್ಬರೇ ಇರಬೇಕು. ಆ ಬದುಕಿಗೆ ಮೊದಲು ಒಂದು ತಾಲೀಮು ಬೇಡವೇ?

ವಿದ್ಯಾರ್ಥಿಗಳ ಇಂತಹ ಪ್ರವಾಸಕ್ಕೆ ಯುರೋಪಿನಲ್ಲಿ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅದನ್ನು ಶುರುಮಾಡಿದವರು ಒಬ್ಬ ಶಾಲಾ ಮೇಷ್ಟ್ರು ಎಂಬುದು ನಮಗೆ ಬಹಳ ಇಷ್ಟವಾದ ಸಂಗತಿ. ಜರ್ಮನಿಯ ರಿಚರ್ಡ್ ಶಿರ್ಮನ್ 1909ರ ಆಗಸ್ಟ್‌ನಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯ ಪ್ರವಾಸ ಹೊರಟಿದ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ, ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳಲ್ಲಿ ಮಕ್ಕಳಿಗೆ ತಂಗಲು ಜಾಗ ಕೊಟ್ಟರೆ ಹೇಗೆ ಎಂಬ ಯೋಚನೆ ಅವರಿಗೆ ಬಂದದ್ದು ಆ ರಾತ್ರಿ. 1912ರಲ್ಲಿ ಅಲ್ಟೇನಾ ಎಂಬ ಊರಿನ ಕೋಟೆಯಲ್ಲಿ ಜಗತ್ತಿನ ಮೊದಲ ಶಾಶ್ವತ ಯೂತ್ ಹಾಸ್ಟೆಲ್ ತೆರೆಯಿತು. ಇಂದು ಅದೊಂದು ಮ್ಯೂಸಿಯಂ. 1972ರಲ್ಲಿ ಯುರೋಪಿನ ಯುವಜನರಿಗಾಗಿ ‘ಇಂಟರ್‌ರೇಲ್’ ಎಂಬ ರೈಲು ಪಾಸ್ ಬಂತು. 2018ರಿಂದ ಯುರೋಪಿಯನ್ ಒಕ್ಕೂಟವು ‘ಡಿಸ್ಕವರ್ ಇಯು’ ಎಂಬ ಯೋಜನೆಯಡಿ ತನ್ನ 18 ವರ್ಷದ ಯುವಕ ಯುವತಿಯರಲ್ಲಿ ಸಾವಿರಾರು ಮಂದಿಯನ್ನು ಆರಿಸಿ, ಉಚಿತ ಪಾಸ್ ಕೊಟ್ಟು, ಒಂದು ತಿಂಗಳವರೆಗೆ ಅಕ್ಕಪಕ್ಕದ ದೇಶಗಳನ್ನು ನೋಡಿಬರಲು ಕಳುಹಿಸುತ್ತಿದೆ. ಸರ್ಕಾರಗಳೇ ಹಣ ಕೊಟ್ಟು ಕಳುಹಿಸುತ್ತಿವೆ ಎಂದರೆ, ಇದೂ ಶಿಕ್ಷಣವೇ ಎಂದು ಅವರು ಒಪ್ಪಿದ್ದಾರೆ ಎಂದರ್ಥ.

ಯೋಜನೆಯ ಮೊದಲ ಪ್ರಶ್ನೆ: ಎಷ್ಟು ದೇಶ? ‘ಹದಿನೈದು ದಿನದಲ್ಲಿ ಹತ್ತು ದೇಶ’ ಎಂಬ ಜಾಹೀರಾತು ನೋಡಿದಾಗ ಬಾಯಲ್ಲಿ ನೀರೂರುತ್ತದೆ ನಿಜ. ಆದರೆ ಊರು ಬದಲಾಯಿಸಿದಾಗಲೆಲ್ಲ ಚೀಲ ಕಟ್ಟುವುದು, ನಿಲ್ದಾಣ ಹುಡುಕುವುದು, ಹೊಸ ಊರಿನಲ್ಲಿ ತಂಗುದಾಣ ಸೇರುವುದು ಎಂದು ಕಡಿಮೆಯೆಂದರೆ ಅರ್ಧ ದಿನ ಹೋಗುತ್ತದೆ. ಹತ್ತು ದೇಶ ಎಂದರೆ ಒಂಬತ್ತು ಸ್ಥಳಾಂತರ, ಅಂದರೆ ನಾಲ್ಕೂವರೆ ದಿನ ದಾರಿಯಲ್ಲೇ ಮುಗಿಯಿತು. ಆದ್ದರಿಂದ ನಾವು 40 ದಿನಕ್ಕೆ ಐದೇ ದೇಶ ಸಾಕು ಎನ್ನುತ್ತೇವೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ 7 ದಿನ, ಚೆಕ್ ದೇಶದ ಪ್ರಾಗ್‌ನಲ್ಲಿ 6 ದಿನ, ಬರ್ಲಿನ್ ಮತ್ತು ಅಲ್ಟೇನಾ ಸೇರಿ ಜರ್ಮನಿಯಲ್ಲಿ 12 ದಿನ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ 5 ದಿನ, ಕೊನೆಗೆ ಪ್ಯಾರಿಸ್ ಮತ್ತು ಸ್ಟ್ರಾಸ್‌ಬರ್ಗ್ ಸೇರಿ ಫ್ರಾನ್ಸ್‌ನಲ್ಲಿ 10 ದಿನ. ವಿಯೆನ್ನಾದಲ್ಲಿ ಇಳಿದು ಪ್ಯಾರಿಸಿನಿಂದ ವಿಮಾನ ಹತ್ತಿದರೆ ಹೋದ ದಾರಿಯಲ್ಲೇ ಹಿಂದಿರುಗುವ ಖರ್ಚು ಮತ್ತು ಸಮಯ ಎರಡೂ ಉಳಿಯುತ್ತವೆ.

ಎರಡನೆಯದು ವೀಸಾ. ಇದನ್ನು ನಾವು ಪೌರನೀತಿಯ ಪಾಠ ಎಂದೇ ಕರೆಯುತ್ತೇವೆ. ಲಕ್ಸೆಂಬರ್ಗ್‌ನ ಶೆಂಗೆನ್ ಎಂಬ ಪುಟ್ಟ ಹಳ್ಳಿಯಲ್ಲಿ 1985ರಲ್ಲಿ ಐದು ದೇಶಗಳು ಸಹಿ ಹಾಕಿದ ಒಪ್ಪಂದ ಇಂದು 29 ದೇಶಗಳಿಗೆ ಹಬ್ಬಿದೆ. ನಮ್ಮಂತಹ ಭಾರತೀಯ ಪಾಸ್‌ಪೋರ್ಟಿನವರು ಒಂದೇ ವೀಸಾದಲ್ಲಿ ಅಷ್ಟೂ ದೇಶ ನೋಡಬಹುದು. ಆದರೆ ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಎಲ್ಲಿ ಹೆಚ್ಚು ದಿನ ಇರುತ್ತೇವೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಮೇಲಿನ ಯೋಜನೆಯಲ್ಲಿ ಇಳಿಯುವುದು ವಿಯೆನ್ನಾದಲ್ಲಾದರೂ ಅರ್ಜಿ ಜರ್ಮನಿಗೆ. ನಾವು ವಾಸವಿರುವುದು ಒಮಾನ್‌ನಲ್ಲಿ, ಆದ್ದರಿಂದ ಅರ್ಜಿ ಕೊಡುವುದೂ ಇಲ್ಲಿಂದಲೇ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಪಕ್ಷ 15 ದಿನ ಮೊದಲಾದರೂ ಹಾಕಬೇಕು. ಮೇ ಕೊನೆಯಲ್ಲಿ ಹೊರಡುವವರು ಪರೀಕ್ಷೆಯ ಗಡಿಬಿಡಿಯಲ್ಲಿ ಓಡಾಡುವ ಬದಲು ಡಿಸೆಂಬರ್ ರಜೆಯಲ್ಲೇ ಈ ಕೆಲಸ ಮುಗಿಸಿಕೊಳ್ಳಬಹುದು. ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ವಿಮೆ ಬೇಕು. ವೀಸಾ ಸಿಗದಿದ್ದರೂ ಶುಲ್ಕ ಹಿಂದಿರುಗುವುದಿಲ್ಲ. ಆದ್ದರಿಂದ ರದ್ದು ಮಾಡಬಹುದಾದ ಬುಕಿಂಗ್‌ಗಳನ್ನೇ ಮಾಡಿಟ್ಟುಕೊಳ್ಳುವುದು ಜಾಣತನ. ಬ್ರಿಟನ್ ಮತ್ತು ಐರ್ಲೆಂಡ್ ಶೆಂಗೆನ್‌ಗೆ ಸೇರಿಲ್ಲ. ‘ಹೇಗೂ ಅಷ್ಟು ದೂರ ಹೋಗುತ್ತೀರಿ, ಲಂಡನ್ನನ್ನೂ ನೋಡಿಬನ್ನಿ’ ಎನ್ನುವ ಬಂಧುಗಳಿಗೆ ಅದು ಇನ್ನೊಂದು ವೀಸಾ, ಇನ್ನೊಂದು ಶುಲ್ಕ ಎಂದು ವಿನಯದಿಂದ ತಿಳಿಸಬೇಕಾಗುತ್ತದೆ.

ಮೂರನೆಯದು ರೈಲು ಮತ್ತು ದುಡ್ಡು. ಇದು ಗಣಿತ. ಯುರೋಪಿನ ಹೊರಗೆ ವಾಸಿಸುವವರಿಗೆ ಇರುವುದು ‘ಯುರೇಲ್’ ಪಾಸ್. 27 ವರ್ಷದವರೆಗೆ ಅದರಲ್ಲಿ ರಿಯಾಯಿತಿ ಇದೆ. ಪಾಸ್ ಇದ್ದರೆ ಎಲ್ಲವೂ ಉಚಿತ ಎಂದು ತಿಳಿಯಬಾರದು. ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್‌ಗೆ ಹೋಗುವ ವೇಗದ ರೈಲಿನಲ್ಲೂ ಫ್ರಾನ್ಸಿನ ಒಳಗೆ ಓಡುವ ಟಿಜಿವಿ ರೈಲುಗಳಲ್ಲೂ ಸೀಟು ಕಾಯ್ದಿರಿಸಲು ಬೇರೆ ಹಣ ತೆರಬೇಕು. ಐದಾರು ದೂರದ ಪ್ರಯಾಣ ಮಾತ್ರ ಇರುವ ನಮ್ಮಂತಹ ಯೋಜನೆಗೆ ಮೊದಲೇ ಕೊಂಡ ಬಿಡಿ ಟಿಕೆಟ್ ಅಗ್ಗವೋ ಪಾಸ್ ಅಗ್ಗವೋ ಎಂಬುದನ್ನು ಕಾಗದ, ಪೆನ್ಸಿಲ್ ಹಿಡಿದು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ದಿನದ ಖರ್ಚಿಗೂ ಹೀಗೆಯೇ ಒಂದು ಮಿತಿ ಇರಲಿ. ಉದಾಹರಣೆಗೆ ತಂಗುವುದು, ಊಟ, ಊರೊಳಗಿನ ಓಡಾಟ ಸೇರಿ ದಿನಕ್ಕೆ 60 ಯೂರೋ ಎಂದಿಟ್ಟುಕೊಂಡರೆ 40 ದಿನಕ್ಕೆ 2,400 ಯೂರೋ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಿತಿ ಮೀರಿದ್ದನ್ನು ಪ್ರಾಗ್‌ನಲ್ಲಿ ಉಳಿಸಿ ಸರಿದೂಗಿಸಬೇಕು. ಹಾಸ್ಟೆಲಿನ ಅಡುಗೆಮನೆ ಇದಕ್ಕೆ ದೊಡ್ಡ ಸಹಾಯ. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ ಜೊತೆಗಿದ್ದರೆ ಬೆಳಗಿನ ತಿಂಡಿಯ ಚಿಂತೆ ಇಲ್ಲ. ಅಮ್ಮಂದಿರು ದಯವಿಟ್ಟು ಗಮನಿಸಿ: ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ!

ನಾಲ್ಕನೆಯದು, ಹೋಗಿ ಏನು ನೋಡುವುದು? ಪಠ್ಯಪುಸ್ತಕವನ್ನೇ ಮಾರ್ಗದರ್ಶಿ ಮಾಡಿಕೊಳ್ಳಬಹುದು ಎನ್ನುತ್ತೇವೆ ನಾವು. ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಆನ್ ಫ್ರಾಂಕ್‌ಳ ದಿನಚರಿಯ ಭಾಗ ಓದಿದ್ದೇವೆ. ಅವಳು 1942ರಿಂದ 1944ರವರೆಗೆ ಅಡಗಿದ್ದ ಮನೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ಟಿಕೆಟನ್ನು ಇಂಟರ್‌ನೆಟ್‌ನಲ್ಲಿ ಮುಂಚಿತವಾಗಿ ಕೊಳ್ಳದೆ ಒಳಗೆ ಹೋಗುವಂತಿಲ್ಲ. ಹನ್ನೆರಡನೆಯ ತರಗತಿಯಲ್ಲಿ ಅಲ್ಫೋನ್ಸ್ ದೋದೆಯ ‘ದಿ ಲಾಸ್ಟ್ ಲೆಸನ್’ ಇದೆ. ಯುದ್ಧದಲ್ಲಿ ಫ್ರಾನ್ಸ್ ಸೋತು, ಅಲ್ಸೇಸ್ ಪ್ರಾಂತ ಜರ್ಮನರ ಕೈಸೇರಿ, ಶಾಲೆಯಲ್ಲಿ ಫ್ರೆಂಚ್ ಕಲಿಕೆ ನಿಂತುಹೋಗುವ ಕಥೆ ಅದು. ಪರದೇಶದಲ್ಲಿ ಕುಳಿತು ವಾರಕ್ಕೆ ಕೆಲವೇ ಗಂಟೆ ಕನ್ನಡ ಓದಿ ಬರೆಯುವ ನಮಗೆ ಆ ಕಥೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ತಟ್ಟಿತು. ಆ ಅಲ್ಸೇಸಿನ ದೊಡ್ಡ ಊರು ಸ್ಟ್ರಾಸ್‌ಬರ್ಗ್. 1871ರಿಂದ 1945ರವರೆಗೆ ಎರಡು ದೇಶಗಳ ನಡುವೆ ಕೈ ಬದಲಾಯಿಸುತ್ತಲೇ ಇದ್ದ ಆ ಊರಿನಿಂದ 2017ರಿಂದ ರೈನ್ ನದಿ ದಾಟಿ ಜರ್ಮನಿಯ ಕೇಲ್ ಪಟ್ಟಣಕ್ಕೆ ಟ್ರಾಮ್ ಓಡುತ್ತಿದೆ. ಲಕ್ಷಾಂತರ ಜನ ಸತ್ತ ಗಡಿಯನ್ನು ಇಂದು ಜನ ತರಕಾರಿ ಚೀಲ ಹಿಡಿದು ಟ್ರಾಮ್‌ನಲ್ಲಿ ದಾಟುತ್ತಾರೆ. ಇದನ್ನು ಕಣ್ಣಾರೆ ನೋಡಲು ಒಂದು ದಿನ ಮೀಸಲಿಡಬೇಕೆಂದು ಯಾವ ಏಜೆಂಟರಿಗೂ ಹೊಳೆಯಲಾರದು, ನಮಗೆ ಹೊಳೆಯಿತು. ಯೋಜನೆ ನಮ್ಮದಾಗಿರಲಿ ಎನ್ನುವುದು ಇದಕ್ಕಾಗಿಯೇ. ಸಣ್ಣ ಸಂಗತಿಗಳನ್ನೂ ಗುರುತು ಹಾಕಿಕೊಳ್ಳಬೇಕು: ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, 18ಕ್ಕಿಂತ ಚಿಕ್ಕವರಿಗೆ ಅಲ್ಲಿ ಪ್ರವೇಶ ಉಚಿತ, ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ತೆರೆಯುವುದಿಲ್ಲ, ಬರ್ಲಿನ್‌ನ ಸಂಸತ್ ಭವನದ ಗಾಜಿನ ಗುಮ್ಮಟಕ್ಕೆ ಹೆಸರು ನೋಂದಾಯಿಸಿದರೆ ಹಣವಿಲ್ಲದೆ ಹತ್ತಬಹುದು.

ಈಗ ಹಿರಿಯರ ಆಕ್ಷೇಪಗಳಿಗೆ ಬರೋಣ. ‘ಇಷ್ಟು ದುಡ್ಡು ಎಲ್ಲಿಂದ?’ ಎಂಬುದು ನ್ಯಾಯವಾದ ಪ್ರಶ್ನೆ. ಅಪ್ಪ ಅಮ್ಮ ಇಲ್ಲಿ ಬೆವರು ಸುರಿಸುತ್ತಿರುವುದು ಊರಿನ ಮನೆಯ ಸಾಲ, ನಮ್ಮ ಕಾಲೇಜಿನ ಫೀಸು, ತಂಗಿಯ ಓದಿಗಾಗಿ. ಆ ಹಣಕ್ಕೆ ಕೈ ಹಾಕಿ ಹೋಗುವ ಪ್ರವಾಸ ನಮಗೆ ಬೇಡ. ಎಷ್ಟು ಕೊಡಲು ಸಾಧ್ಯ ಎಂದು ನೀವು ಮೊದಲೇ ಹೇಳಿಬಿಡಿ. 40 ದಿನಕ್ಕೆ ಸಾಲದಿದ್ದರೆ 20 ದಿನ, ಐದು ದೇಶಕ್ಕೆ ಸಾಲದಿದ್ದರೆ ಎರಡು. ಈ ವರ್ಷ ಆಗದಿದ್ದರೆ ಕೆಲಸಕ್ಕೆ ಸೇರಿದ ಮೇಲೆ. ಇದ್ದ ಹಣದೊಳಗೆ ಕನಸನ್ನು ಹೊಂದಿಸುವುದೂ ಯೋಜನೆಯೇ ತಾನೇ?

‘ರಜೆ ಎಂದರೆ ಊರು, ಅಜ್ಜಿ ವರ್ಷವಿಡೀ ಕಾಯುತ್ತಿರುತ್ತಾರೆ’ ಎಂಬ ಮಾತಿಗೆ ಎದುರುತ್ತರ ಇಲ್ಲ. ಯುರೋಪ್ ಎಲ್ಲಿಗೂ ಓಡಿಹೋಗುವುದಿಲ್ಲ, ಅಜ್ಜಿಗೆ ಮಾತ್ರ ವರ್ಷದಿಂದ ವರ್ಷಕ್ಕೆ ವಯಸ್ಸಾಗುತ್ತಿದೆ. ಆದ್ದರಿಂದ ಊರಿನ ದಿನಗಳನ್ನು ಮೊದಲು ಕ್ಯಾಲೆಂಡರಿನಲ್ಲಿ ಬರೆದು, ಉಳಿದ ದಿನಗಳಲ್ಲಿ ಮಾತ್ರ ಪ್ರವಾಸ ಹೊಂದಿಸಬೇಕು. ಈ ನಿಯಮವನ್ನು ನಾವೇ ಹಾಕಿಕೊಳ್ಳುತ್ತೇವೆ.

ಕೊನೆಯದು ಸುರಕ್ಷತೆ. ಹದಿನೆಂಟು ತುಂಬದವರ ವೀಸಾ ಅರ್ಜಿಗೆ ತಂದೆ ತಾಯಿಯ ಒಪ್ಪಿಗೆ ಬೇಕೇ ಬೇಕು. ಅನೇಕ ಹಾಸ್ಟೆಲುಗಳು ಅಂಥವರನ್ನು ಹಿರಿಯರಿಲ್ಲದೆ ಸೇರಿಸಿಕೊಳ್ಳುವುದಿಲ್ಲ. ಅಂಥವರು ಅಣ್ಣನೋ ಅಕ್ಕನೋ ಅಪ್ಪ ಅಮ್ಮನೋ ಜೊತೆಗಿದ್ದರೆ ಮಾತ್ರ ಹೊರಡಲಿ. ಆದರೆ ಮಗನಿಗೆ ‘ಹೂಂ’, ಅದೇ ವಯಸ್ಸಿನ ಮಗಳಿಗೆ ‘ಊಹೂಂ’ ಎನ್ನಬೇಡಿ ಎಂಬುದು ನಮ್ಮೆಲ್ಲರ, ಹುಡುಗರದ್ದೂ ಸೇರಿ, ಕೋರಿಕೆ. ಹುಡುಗಿಯರಿಗೇ ಪ್ರತ್ಯೇಕ ಕೋಣೆಗಳಿರುವ ಹಾಸ್ಟೆಲುಗಳು ಬಹಳ ಕಡೆ ಇವೆ. ಯುರೋಪಿಯನ್ ಒಕ್ಕೂಟದಾದ್ಯಂತ ತುರ್ತು ಸಹಾಯಕ್ಕೆ 112 ಒಂದೇ ಸಂಖ್ಯೆ. ಪ್ರತಿ ರಾತ್ರಿ ಎಲ್ಲಿ ತಂಗುತ್ತೇವೆ ಎಂಬ ಪಟ್ಟಿ, ಪಾಸ್‌ಪೋರ್ಟಿನ ಪ್ರತಿ ಮನೆಯಲ್ಲಿರಲಿ. ದಿನಕ್ಕೊಂದು ಕರೆ ತಪ್ಪದೆ ಮಾಡೋಣ. ಕತ್ತಲಾದ ಮೇಲೆ ಹೊಸ ಊರು ತಲುಪುವ ಟಿಕೆಟ್ ಕೊಳ್ಳದಿರೋಣ. ಇಷ್ಟನ್ನು ಬರೆದು ತೋರಿಸಲಾಗದ ಮಗ ಅಥವಾ ಮಗಳನ್ನು ಖಂಡಿತ ಕಳುಹಿಸಬೇಡಿ. ಬರೆದು ತೋರಿಸಿದವರನ್ನು ದಯವಿಟ್ಟು ತಡೆಯಬೇಡಿ.

ಪೋಷಕರಲ್ಲಿ ನಮ್ಮ ಬೇಡಿಕೆ ಇಷ್ಟೇ. ನಾವು ಬರೆದ ಯೋಜನೆಯನ್ನು ಒಂದು ಸಂಜೆ ಕುಳಿತು, ಪರೀಕ್ಷಕರು ಉತ್ತರಪತ್ರಿಕೆ ನೋಡುವ ಹಾಗೆ ನೋಡಿ. ರೈಲು ತಪ್ಪಿದರೆ ಏನು, ಜ್ವರ ಬಂದರೆ ಏನು, ಪರ್ಸು ಕಳೆದರೆ ಏನು ಎಂದು ಕೇಳಿ. ಉತ್ತರ ಸರಿ ಇಲ್ಲದಿದ್ದರೆ ಮತ್ತೆ ಬರೆದು ತರಲು ಹೇಳಿ. ಆದರೆ ಉತ್ತರವನ್ನು ನೀವೇ ಬರೆದುಕೊಡಬೇಡಿ.

ಕೆಳಗಿನ ತರಗತಿಗಳ ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ಹನ್ನೆರಡನೆಯ ತರಗತಿಯವರೆಗೆ ಕಾಯಬೇಕಾಗಿಲ್ಲ. ಈ ರಜೆಯಲ್ಲಿ ಊರಿಗೆ ಹೋದಾಗ ಬೆಂಗಳೂರಿನಿಂದ ಮೈಸೂರಿಗೋ ಹಂಪಿಗೋ ಎರಡು ದಿನದ ಪ್ರವಾಸದ ಯೋಜನೆ ನೀವೇ ಹಾಕಿ, ಮನೆಯವರನ್ನೆಲ್ಲ ಕರೆದುಕೊಂಡು ಹೋಗಿಬನ್ನಿ. ಟಿಕೆಟ್ ಕೊಳ್ಳುವ ಸಾಲಿನಲ್ಲಿ ನೀವೇ ನಿಲ್ಲಿ.