ಕಾಲಡಿಯ ಬಿಸಿ, ತಲೆಯ ಮೇಲಿನ ಬಿಸಿಲು

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರು, “ಅಲ್ಲಿ ನೆಲವೇ ಬೆಚ್ಚಗಿರುತ್ತದೆ, ಹೈದರಾಬಾದಿನಲ್ಲೂ ಹಾಕಿಸಬಹುದೇ?” ಎಂದು ಕೇಳುವುದುಂಟು. ಧಾರಾಳವಾಗಿ ಹಾಕಿಸಬಹುದು. ಆದರೆ ಮೊದಲು ಖರ್ಚಿನ ಲೆಕ್ಕ ನೋಡಿ.

ನೆಲದಡಿ ಬಿಸಿನೀರಿನ ಪೈಪು ಇಲ್ಲವೇ ವಿದ್ಯುತ್ ತಂತಿ ಹಾಸಬೇಕು. ಕಟ್ಟಿದ ಮನೆಯಾದರೆ ಇದ್ದ ನೆಲವನ್ನು ಕಿತ್ತು ಮತ್ತೆ ಹಾಕಿಸುವ ಖರ್ಚು ಬೇರೆ. 10 ಅಡಿಗೆ 10 ಅಡಿ ಕೋಣೆಯ ತಂತಿಗೆ ಗಂಟೆಗೆ ಸುಮಾರು 1 ಯೂನಿಟ್ ಬೇಕು. ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ 150 ಯೂನಿಟ್. ಇಲ್ಲಿಯ ಚಳಿಯೋ ಡಿಸೆಂಬರ್, ಜನವರಿಗೆ ಮುಗಿಯಿತು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು!

ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲಿನ ನೆಲ ಚಳಿಗಾಲದಲ್ಲಿ ಮಂಡಿನೋವಿನ ಹಿರಿಯರನ್ನು ಕಾಡುವುದು ನಿಜ. ಅದಕ್ಕೊಂದು ನವಲಗುಂದದ ಜಮಖಾನೆ, ಒಂದು ಜೊತೆ ಕಾಲುಚೀಲ ಸಾಕು. ಬೇಸಿಗೆಯಲ್ಲಿ ಅದೇ ಕಲ್ಲು ತಂಪು.

ಉಳಿದ ಹಣವನ್ನು ತಾರಸಿಗೆ ಹಾಕಿ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಯುಗಾದಿಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿಸಿಬಿಡಿ. ಮೇಲಂತಸ್ತಿನಲ್ಲಿ ಮಲಗುವ ಹಿರಿಯ ಜೀವಗಳಿಗೆ ಚಳಿಗಿಂತ ಸೆಕೆಯೇ ಹೆಚ್ಚು ಅಪಾಯ.