ದಿನ ತುಂಬದ ಮಗುವನ್ನು ನೀವೋದು ಯಾರು?

ದಿನ ತುಂಬದೆ ಹುಟ್ಟಿದ ಮಗುವಿಗೆ ಮಸಾಜ್ ಅಂದ ಕೂಡಲೆ ನಮ್ಮಲ್ಲಿ ಜಗಳ ಶುರು. "ಎಣ್ಣೆ ಹಚ್ಚಿ ನೀವದಿದ್ರೆ ಮೂಳೆ ಗಟ್ಟಿಯಾಗೋದು ಹೇಗೆ?" ಅಂತ ಅಜ್ಜಿ. "ಮುಟ್ಟಬೇಡಿ, ಇನ್‌ಫೆಕ್ಷನ್ ಆಗುತ್ತೆ" ಅಂತ ಆಸ್ಪತ್ರೆ. ನಡುವೆ ಸಿಕ್ಕಿಹಾಕಿಕೊಳ್ಳೋದು ಬಾಣಂತಿ. ನನ್ನ ಕೇಳಿದ್ರೆ ಇಬ್ಬರದ್ದೂ ಅರ್ಧ ಸರಿ.

1986ರಲ್ಲಿ ಅಮೆರಿಕದ ಮಯಾಮಿಯ ಮನಶ್ಶಾಸ್ತ್ರಜ್ಞೆ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಇಂಥ 40 ಮಕ್ಕಳ ಮೇಲೆ ನಡೆಸಿದ ಪ್ರಯೋಗವನ್ನ ಪ್ರಕಟಿಸಿದ್ರು. ಅರ್ಧದಷ್ಟು ಮಕ್ಕಳಿಗೆ ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷ, 10 ದಿನ ಮಸಾಜ್. ಇನ್‌ಕ್ಯುಬೇಟರಿನ ಕಿಂಡಿಯಲ್ಲಿ ಕೈ ಹಾಕಿ ತಲೆ, ಬೆನ್ನು, ಕಾಲು ನೀವೋದು, ಕೈಕಾಲು ಮಡಿಸಿ ಬಿಡಿಸೋದು, ಮತ್ತೆ ನೀವೋದು. ಅಷ್ಟೇ. ಕುಡಿದ ಹಾಲಿನಲ್ಲಿ ಅಂಥಾ ವ್ಯತ್ಯಾಸ ಇರಲಿಲ್ಲ. ಆದ್ರೂ ನೀವಿಸಿಕೊಂಡ ಮಕ್ಕಳ ತೂಕ ದಿನಕ್ಕೆ ಶೇ. 47ರಷ್ಟು ಜಾಸ್ತಿ ಏರಿತು, ಆರು ದಿನ ಮೊದಲೇ ಮನೆಗೂ ಹೋದವು!

ಇಲ್ಲೊಂದು ಮಜಾ ಇದೆ. ತೀರಾ ಹಗುರವಾಗಿ ಸವರಿದ್ರೆ ಮಗುವಿಗೆ ಕಚಗುಳಿ ಇಟ್ಟಂಗೆ ಆಗುತ್ತೆ ಅಷ್ಟೆ, ಸ್ವಲ್ಪ ಒತ್ತಡ ಬೇಕು ಅಂತಾರೆ ಫೀಲ್ಡ್. ಹಾಗೆ ಒತ್ತಿ ನೀವಿದಾಗ ವೇಗಸ್ ನರ ಚುರುಕಾಗಿ ಹೊಟ್ಟೆಯ ಚಲನೆ ಹೆಚ್ಚುತ್ತೆ ಅಂತ ಅವರ ತಂಡ ಮುಂದೆ ತೋರಿಸ್ತು. ನಮ್ಮ ಅಜ್ಜಿಯರ ಕೈಗೆ ಇದು ಗೊತ್ತಿತ್ತು ಬಿಡಿ. ಹಾಗಂತ ಅಜ್ಜಿಗೆ ಪೂರ್ತಿ ಮಾರ್ಕ್ಸ್ ಕೊಡೋಕಾಗಲ್ಲ. ಮೂಗಿಗೆ ಎಣ್ಣೆ ಬಿಡೋದು, ಮಗುವಿನ ಎದೆ ಹಿಂಡೋದು... ಒಂದೂವರೆ ಕಿಲೋ ಜೀವಕ್ಕೆ ಇದೆಲ್ಲ ಅಪಾಯ. ಫೀಲ್ಡ್ ನೀವಿದ ಮಕ್ಕಳೂ ತೀವ್ರ ನಿಗಾದ ಹಂತ ದಾಟಿದ್ದವು. ಉಸಿರಾಟದ ಯಂತ್ರದಲ್ಲಿರೋ ಮಗುವಿನ ಮಾತೇ ಬೇರೆ.

2004ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದ ಕಾಕ್ರೇನ್ ವಿಮರ್ಶೆ ತಣ್ಣೀರು ಎರಚಿತು. ದಿನಕ್ಕೆ ಸುಮಾರು 5 ಗ್ರಾಂ ತೂಕ ಹೆಚ್ಚೋದು ಕಾಣುತ್ತೆ, ಆದ್ರೆ ಪುರಾವೆ ದುರ್ಬಲ, ನರ್ಸುಗಳ ಸಮಯ ಇದಕ್ಕೆ ವ್ಯಯ ಮಾಡಬೇಕಾ ಯೋಚಿಸಿ ಅಂತು. ಒಪ್ಪಿದೆ. ನರ್ಸುಗಳಿಗೆ ಪುರುಸೊತ್ತಿಲ್ಲ. ಆದ್ರೆ ಹೊರಗೆ ಬೆಂಚಿನ ಮೇಲೆ ಕೂತ ತಾಯಿಗೆ ಬೇರೇನು ಕೆಲಸ ಇದೆ ಸ್ವಾಮಿ? ನಮ್ಮಕ್ಕನ ಮಗು ಒಂದು ಆಸ್ಪತ್ರೆಯಲ್ಲಿ 23 ದಿನ ಇತ್ತು. ಅವಳಿಗೆ ಸಿಕ್ಕಿದ್ದು ದಿನಕ್ಕೆರಡು ಸಲ ಗಾಜಿನಾಚೆಯಿಂದ ದರ್ಶನ. ದೇವಸ್ಥಾನದಲ್ಲೂ ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲಬಹುದು.

ತಾಯಿ ಒಳಗೆ ಬಂದ್ರೆ ಸೋಂಕು ಅನ್ನೋರಿಗೆ 2021ರ ಇನ್ನೊಂದು ಅಧ್ಯಯನ ಇದೆ. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದದ್ದು. ಹುಟ್ಟಿದ ಕೂಡಲೆ ತಾಯಿಯನ್ನೂ ಒಳಗಿಟ್ಟುಕೊಂಡು ಮಗುವನ್ನ ಎದೆಗೆ ಒರಗಿಸಿದ್ರು, ಕಾಂಗರೂ ಆರೈಕೆ. ಮೊದಲ 28 ದಿನಗಳ ಸಾವು ಶೇ. 25ರಷ್ಟು ಇಳಿಯಿತು. ಸೋಂಕಿನ ಶಂಕೆಯೂ ಕಮ್ಮಿಯೇ ಇತ್ತು. ಎದೆಗೊರಗಿಸೋದು, ನೀವೋದು ಬೇರೆ ಬೇರೆ, ನಿಜ. ಆದ್ರೆ ಎರಡಕ್ಕೂ ತಾಯಿ ಮೊದಲು ಬಾಗಿಲು ದಾಟಬೇಕಲ್ಲ?

ಬಳೆ ತೆಗೆದು, ಕೈ ತೊಳೆದು, ಡಾಕ್ಟರು ಹೂಂ ಅಂದ ಮೇಲೆ ನರ್ಸ್ ಎರಡು ಸಲ ಹೇಳಿಕೊಟ್ರೆ ತಾಯಿ ಕಲಿತಾಳೆ. ಬಿಲ್ಲಿನಲ್ಲಿ 'ಥೆರಪಿ' ಅಂತ ಒಂದು ಸಾಲು ಸೇರಿಸೋ ಅಗತ್ಯ ನಂಗಂತೂ ಕಾಣಲ್ಲ.

ನಿಮ್ಮೂರ ಆಸ್ಪತ್ರೆಗಳಲ್ಲಿ ತಾಯಿಯನ್ನ ಒಳಗೆ ಬಿಡ್ತಾರಾ? ಅನುಭವ ಇದ್ದೋರು ಬರೀರಿ.