ಅಣ್ವಸ್ತ್ರ ನಿಷೇಧದ ಸಭೆಗೆ ಭಾರತವೂ ಹೋಗಲಿ

ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ 2017ರ ಜುಲೈ 7ರಂದು ವಿಶ್ವಸಂಸ್ಥೆಯಲ್ಲಿ 122 ದೇಶಗಳು ಮತ ಹಾಕಿದಾಗ ಭಾರತ ಮಾತುಕತೆಯಿಂದಲೇ ಹೊರಗಿತ್ತು. 2021ರ ಜನವರಿಯಲ್ಲಿ ಅದು ಜಾರಿಗೆ ಬಂದ ಮೇಲೂ ನಮ್ಮ ನಿಲುವು ಬದಲಾಗಿಲ್ಲ. ಇದು ದೆಹಲಿಯವರು ನೋಡಿಕೊಳ್ಳುವ ವಿಷಯ, ಪುತ್ತೂರು, ಸುಳ್ಯ, ಕಡಬದ ಜನರಿಗೆ ಇದರಲ್ಲೇನು ಕೆಲಸ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಂತಾರಾಷ್ಟ್ರೀಯ ನಿಷೇಧವೆಂದರೇನು ಎಂಬುದನ್ನು ಈ ಊರುಗಳಷ್ಟು ಹತ್ತಿರದಿಂದ ಕಂಡವರು ಕಡಿಮೆ. ಇಲ್ಲಿನ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲೂ ಅದೇ ಕಥೆ. ಅಲ್ಲಿ ಪತ್ರಕರ್ತ ಶ್ರೀಪಡ್ರೆ, ವೈದ್ಯ ಮೋಹನ ಕುಮಾರ್ ಅದರಿಂದ ಜನರಿಗಾದ ಹಾನಿಯನ್ನು ಕಂಡು ಬರೆದರು, ಹೇಳಿದರು. ಸಾಕ್ಷ್ಯ ಸಾಲದು, ಅಗ್ಗದ ಔಷಧಿ ತಪ್ಪಿದರೆ ರೈತನಿಗೆ ನಷ್ಟ ಎಂಬುದು ಕೇಂದ್ರದ ವಾದವಾಗಿತ್ತು. ಸರಕಾರಿ ಸ್ವಾಮ್ಯದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕಂಪೆನಿಯೇ ಆ ವಿಷವನ್ನು ತಯಾರಿಸುತ್ತಿತ್ತು. ಕೊನೆಗೆ 2011ರ ಏಪ್ರಿಲ್‌ನಲ್ಲಿ, ವಿಷಕಾರಿ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಜಿನೀವಾ ಸಭೆಯಲ್ಲಿ, ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಭಾರತ ನಿಷೇಧವನ್ನು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟ್ ಉತ್ಪಾದನೆ, ಮಾರಾಟ, ಬಳಕೆ ಮೂರಕ್ಕೂ ತಡೆ ನೀಡಿತು. ಜನರ ಒತ್ತಾಯ ಸರಕಾರವನ್ನು ಮಣಿಸಿತು ಎಂಬುದು ಇದರ ಒಂದು ಮುಖ. ಇನ್ನೊಂದನ್ನು ನಾವು ಮರೆಯುತ್ತೇವೆ: ಸಭೆಯ ಒಳಗೆ ಕೂತು ವಾದಿಸಿದ್ದರಿಂದಲೇ ಭಾರತಕ್ಕೆ ಆ ವಿನಾಯಿತಿ ಸಿಕ್ಕಿತು.

ಕೀಟನಾಶಕ ಬೇರೆ, ಬಾಂಬು ಬೇರೆ. ಚೀನಾ, ಪಾಕಿಸ್ತಾನಗಳ ಕೈಯಲ್ಲಿ ಅಣ್ವಸ್ತ್ರ ಇರುವಾಗ ನಾವೊಬ್ಬರೇ ಕೈಬಿಡುವುದೇ ಎಂಬ ಆಕ್ಷೇಪಕ್ಕೆ ತೂಕವಿದೆ. ಹಾಗೆಂದೇ ನಾಳೆಯೇ ಸಹಿ ಹಾಕಿ ಎಂದು ನಾನು ಕೇಳುತ್ತಿಲ್ಲ. ಆದರೆ 1993ರಲ್ಲಿ ರಾಸಾಯನಿಕ ಅಸ್ತ್ರ ನಿಷೇಧಕ್ಕೆ ಸಹಿ ಹಾಕಿದ ಭಾರತ, ತನ್ನ ದಾಸ್ತಾನನ್ನು ಘೋಷಿಸಿ, ಅಂತಾರಾಷ್ಟ್ರೀಯ ತಪಾಸಣೆಯಲ್ಲಿ 2009ರೊಳಗೆ ಪೂರ್ತಿ ನಾಶಮಾಡಿದ ದೇಶ. ಅದರಲ್ಲಿ ನೆರೆಯವರೂ ಇದ್ದರಲ್ಲ ಎನ್ನಬಹುದು. ಇದ್ದರು, ಏಕೆಂದರೆ ಎಲ್ಲರೂ ಒಂದೇ ಮೇಜಿಗೆ ಬಂದಿದ್ದರು. ಅಮೆರಿಕದ ಅಣ್ವಸ್ತ್ರಗಳ ರಕ್ಷಣೆಯನ್ನು ನೆಚ್ಚಿಕೊಂಡ ಜರ್ಮನಿ, ನಾರ್ವೆ, ನೆದರ್‌ಲ್ಯಾಂಡ್ಸ್ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕದೆಯೂ ಅದರ 2022ರ ವಿಯೆನ್ನಾ ಸಭೆಯಲ್ಲಿ ವೀಕ್ಷಕರಾಗಿ ಕೂತವು. ಅಣ್ವಸ್ತ್ರವನ್ನು ಮೊದಲು ಬಳಸುವುದಿಲ್ಲ ಎಂದು ಜಗತ್ತಿಗೆ ಮಾತು ಕೊಟ್ಟಿರುವ ದೇಶಕ್ಕೆ ಅಷ್ಟೂ ಸಾಧ್ಯವಿಲ್ಲವೇ?

ಈ ಒಪ್ಪಂದದ ಆರನೇ ವಿಧಿ ಅಣ್ವಸ್ತ್ರದ ಬಳಕೆ, ಪರೀಕ್ಷೆಗಳಿಂದ ನೊಂದವರ ಚಿಕಿತ್ಸೆ, ಪುನರ್ವಸತಿ, ಕೆಟ್ಟ ನೆಲದ ಶುದ್ಧೀಕರಣದ ಹೊಣೆಯನ್ನು ಸರಕಾರಗಳ ಮೇಲೆ ಹೊರಿಸುತ್ತದೆ. ಸಿಂಪಡಣೆ ನಿಂತ ಮೇಲೂ ಮಾಸಾಶನಕ್ಕಾಗಿ, ಕೊಕ್ಕಡ, ಕೊಯಿಲದಂಥ ಪಾಲನಾ ಕೇಂದ್ರಗಳಿಗಾಗಿ ಎಂಡೋ ಪೀಡಿತರ ಮನೆಗಳು ವರ್ಷಗಟ್ಟಲೆ ಅಲೆದದ್ದು ಇಂಥ ವಿಧಿಯೊಂದು ಇಲ್ಲದ್ದರಿಂದಲೇ. ಆ ಅಲೆದಾಟ ಕಂಡ ಮತದಾರರು ವೀಕ್ಷಕನ ಕುರ್ಚಿಗೂ ಭಾರತ ಏಕೆ ಹೋಗುವುದಿಲ್ಲ ಎಂದು ತಮ್ಮ ಸಂಸದರನ್ನು ಕೇಳಲಿ, ಅದಕ್ಕೆ ಸಂಸತ್ತಿನಲ್ಲಿ ಲಿಖಿತ ಉತ್ತರ ತರಿಸಲಿ.